ಗಾಜಿಗೆ ಅಂಟಿದ ಕಪ್ಪು

ಮೈಸೂರು
4 ಮೇ 2024

ರೊನಾಲ್ಡ್ ಅವರಿಗೆ ನಮಸ್ಕಾರ.

ನಾನು ರತ್ನಪ್ರಭಾ. ಮಸ್ಕತ್ ಹತ್ತಿರ ಸೀಬ್‌ನ ಶಾಲೆಯಲ್ಲಿ ನಿಮ್ಮ ಕ್ರಿಸ್ಟಲ್‌ಗೆ ನಾಲ್ಕು ವರ್ಷ ಡ್ರಾಯಿಂಗ್ ಕಲಿಸಿದವಳು. ಕುದುರೆಗೆ ಐದು ಕಾಲು ಬರೆದು, ಐದನೆಯದು ಬಾಲ ಎಂದು ವಾದಿಸುತ್ತಿದ್ದ ಹುಡುಗಿಯ ತಂದೆ ನನ್ನನ್ನು ಮರೆತಿರಲಾರರು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಎಲ್ಲದಕ್ಕೂ ‘ಆಗ್ತದೆ ಟೀಚರ್’ ಅನ್ನುತ್ತೀರಿ, ಆಮೇಲೆ ಆಗುವುದಿಲ್ಲ. ಕಾಗದಕ್ಕಾದರೆ ಕೂತು ಉತ್ತರ ಬರೆಯಬೇಕಾಗುತ್ತದೆ, ಆಗ ಮನುಷ್ಯ ಸ್ವಲ್ಪ ಯೋಚಿಸುತ್ತಾನೆ. ನಮ್ಮ ಮನೆಯವರ ಅಣ್ಣನ ಮಗ ಅಭಿ ಅಲ್ ಹೈಲ್‌ನಲ್ಲಿದ್ದಾನೆ. ಅವನ ಸ್ನೇಹಿತರಲ್ಲಿ ಬರುವವರು ಹೋಗುವವರು ಇದ್ದೇ ಇರುತ್ತಾರೆ. ನಿಮ್ಮ ಉತ್ತರವನ್ನು ಅವನ ಕೈಗೆ ಕೊಡಿ.

ವಿಷಯ ಇಷ್ಟು. ಕಳೆದ ವರ್ಷ ಜನವರಿಯಲ್ಲಿ ನಾವು ಒಮಾನ್ ಬಿಟ್ಟು ಬರುವಾಗ ನಿಮ್ಮ ವಾದಿ ಕಬೀರ್ ಫ್ರೇಮ್ ಅಂಗಡಿಯಲ್ಲಿ ಒಂದು ಚಿತ್ರ ಬಿಟ್ಟು ಬಂದೆ. ಫ್ರೇಮಿನ ಮೂಲೆ ಸಡಿಲವಾಗಿತ್ತು, ಗಾಜು ಹೊತ್ತುಕೊಂಡು ವಿಮಾನ ಹತ್ತುವ ಧೈರ್ಯ ಇರಲಿಲ್ಲ, ‘ಇರಲಿ, ಹೇಳಿ ಕಳಿಸ್ತೇನೆ’ ಅಂದಿದ್ದೆ. ಈಗ ಹೇಳಿ ಕಳಿಸುತ್ತಿದ್ದೇನೆ. ಮಾಸಲು ಹಾಳೆ, ಅಡ್ಡಡ್ಡ ಮೂರು ಬೂದು ಪಟ್ಟಿ, ಬಲಗಡೆ ಮೇಲೆ ದಪ್ಪಗೆ ಮೆತ್ತಿದ ಒಂದು ಕಪ್ಪು, ಕೆಳಗೆ ಇಟ್ಟಿಗೆ ಬಣ್ಣದ ಸಣ್ಣ ಗೆರೆ. ಯಾವುದನ್ನೂ ಹೋಲುವುದಿಲ್ಲ. ನಮ್ಮ ಯಜಮಾನರು ಹೊನ್ನಪ್ಪನವರು ಅದಕ್ಕೆ ‘ಸೀದ ದೋಸೆ ಹೆಂಚು’ ಎಂದು ಹೆಸರಿಟ್ಟಿದ್ದರು. ಆದರೂ ಹಬ್ಬದ ದಿನ ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದದ್ದು ಅದನ್ನೇ.

ಬರೆದವರು ಕಿಯೊ ಎಂಬ ಜಪಾನಿ ಹೆಂಗಸು, 1956ರಲ್ಲಿ. ಯುದ್ಧದಲ್ಲಿ ಅವರ ಊರು ಸುಟ್ಟುಹೋಯಿತು. ಮುಂಚೆ ಹೂವು, ದೋಣಿ, ಮಕ್ಕಳ ಮುಖ ಬರೆಯುತ್ತಿದ್ದವರು ಆಮೇಲೆ ಕಣ್ಣಿಗೆ ಕಾಣುವ ಯಾವ ವಸ್ತುವನ್ನೂ ಬರೆಯಲಿಲ್ಲವಂತೆ. ಅವರ ಮಗಳು ಹರುಮಿ. ಅವಳ ಗಂಡನೂ ನಮ್ಮವರೂ ಒಂದೇ ಪ್ಲಾಂಟಿನಲ್ಲಿದ್ದರು, ನಾವಿಬ್ಬರೂ ಒಂದೇ ಮೇಜಿನ ಮೇಲೆ ಚಿತ್ರ ಬರೆದವರು. 2013ರಲ್ಲಿ ಮಸ್ಕತ್ ಬಿಡುವಾಗ ಅಮ್ಮನ ಚಿತ್ರ ನನ್ನ ಕೈಗಿಟ್ಟು ಹೋದಳು.

ಈಗ ಆ ಊರಿನ ಗ್ಯಾಲರಿಯವರು ಕಿಯೊ ಅವರ ಚಿತ್ರಗಳನ್ನು ಮೊದಲ ಸಲ ಒಟ್ಟಿಗೆ ಇಡುತ್ತಾರೆ. ಮನೆಗೆ ನೀರು ನುಗ್ಗಿ ಬಹಳಷ್ಟು ಹೋಗಿ, ಉಳಿದಿರುವುದು ಹತ್ತು. ನನ್ನದು ಹನ್ನೊಂದನೆಯದು. ಅವರ ಕಡೆಯವರೊಬ್ಬರು ಅಕ್ಟೋಬರ್ ಇಪ್ಪತ್ತಕ್ಕೆ ಬೆಂಗಳೂರಿಗೆ ಬಂದು ಒಯ್ಯುತ್ತಾರೆ. ಹರುಮಿಗೆ ಈಗ ಎಪ್ಪತ್ತೆಂಟು. ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಗಾಜು ತೆಗೆದು, ಹಾಳೆಯನ್ನು ಎರಡು ರಟ್ಟಿನ ನಡುವೆ ಭದ್ರವಾಗಿಟ್ಟು ಕಳಿಸಿಕೊಡಿ. ನಿಮಗೆ ಅರ್ಧ ಗಂಟೆಯ ಕೆಲಸ.

ನಿಮ್ಮ ಮನೆಯಾಕೆ ಉರ್ಸುಲಾ ಅವರನ್ನು ಕೇಳಿದೆನೆಂದು ಹೇಳಿ.

ರತ್ನಪ್ರಭಾ


ವಾದಿ ಕಬೀರ್
19 ಮೇ 2024

ಪ್ರೀತಿಯ ಟೀಚರ್,

ನಿಮ್ಮ ಕಾಗದ ಓದಿ ಸಂತೋಷವಾಯಿತು. ಕ್ರಿಸ್ಟಲ್ ಈಗ ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಮನುಷ್ಯರಿಗೆ ಎರಡೇ ಕಾಲು ಎಂದು ಅಲ್ಲಿ ಗೊತ್ತಾಗಿದೆ.

ಚಿತ್ರ ಜೋಪಾನವಾಗಿದೆ. ಆದರೆ ಸ್ವಲ್ಪ ಸಮಯ ಬೇಕು ಟೀಚರ್. ಈಗ ಅಂಗಡಿಯಲ್ಲಿ ಡಿಗ್ರಿ ಸರ್ಟಿಫಿಕೇಟುಗಳ ರಾಶಿ. ಎಲ್ಲರಿಗೂ ನಾಳೆಯೇ ಫ್ರೇಮ್ ಆಗಬೇಕು. ನಾನು, ಗಾಜು ಕತ್ತರಿಸುವ ನಮ್ಮ ಉಪ್ಪಿನಂಗಡಿಯ ಹಂಝ, ಇಬ್ಬರೇ.

ಒಂದು ವಿಷಯ ಕೇಳಬೇಕಿತ್ತು. ಸೀಬ್‌ನ ನಿಮ್ಮ ಫ್ಲ್ಯಾಟಿನಲ್ಲಿ ಚಿತ್ರ ಯಾವ ಗೋಡೆಯ ಮೇಲಿತ್ತು? ರಜೆಗೆ ಊರಿಗೆ ಹೋದಾಗ ಎ.ಸಿ. ಪೂರ್ತಿ ಆರಿಸಿ ಹೋಗುತ್ತಿದ್ದಿರಾ? ಸುಮ್ಮನೆ ಕೇಳಿದೆ. ಕಡಲ ಕಡೆಯ ಮನೆಗಳಲ್ಲಿ ಜೂನ್ ಜುಲೈ ತಿಂಗಳ ತೇವ ಕಾಗದಕ್ಕೆ ಒಳ್ಳೆಯದಲ್ಲ.

ಉರ್ಸುಲಾ ನಿಮಗೆ ನಮಸ್ಕಾರ ಹೇಳಿದ್ದಾಳೆ. ಹೊನ್ನಪ್ಪ ಸರ್ ಅವರಿಗೂ ಹೇಳಿ.

ನಿಮ್ಮ
ರೊನಾಲ್ಡ್


ಮೈಸೂರು
6 ಜೂನ್ 2024

ರೊನಾಲ್ಡ್ ಅವರಿಗೆ,

ಅರ್ಧ ಗಂಟೆಯ ಕೆಲಸಕ್ಕೆ ಸಮಯ ಬೇಕು ಎನ್ನುತ್ತೀರಿ, ನಡುವೆ ನಮ್ಮ ಎ.ಸಿ. ವಿಚಾರಿಸುತ್ತೀರಿ. ಚಿತ್ರ ಹಾಲಿನ ಗೋಡೆಯ ಮೇಲಿತ್ತು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಮನೆ ಮುಚ್ಚಿರುತ್ತಿತ್ತು, ಎ.ಸಿ. ಆರಿಸಿರುತ್ತಿದ್ದೆವು. ಯಾರು ತಾನೇ ಖಾಲಿ ಮನೆಗೆ ಎ.ಸಿ. ಹಾಕಿ ಹೋಗುತ್ತಾರೆ? ಇದರಲ್ಲಿ ನಮ್ಮ ತಪ್ಪೇನೂ ಇಲ್ಲ.

ನೀವು ಬೇರೇನಾದರೂ ನೋಡಿದ್ದರೆ, ಫ್ರೇಮಿನ ಹಿಂಭಾಗದಲ್ಲಿ ಏನಾದರೂ ಕಂಡಿದ್ದರೆ, ನೇರವಾಗಿ ಕೇಳಿ. ನಾನು ಮೂವತ್ತು ವರ್ಷ ಮಕ್ಕಳ ಕಣ್ಣು ನೋಡಿ ಯಾರು ಯಾರ ಪೆನ್ಸಿಲ್ ಕದ್ದರೆಂದು ಹೇಳಿದವಳು. ಸುತ್ತಿ ಬಳಸಿ ಕೇಳುವುದು ನನಗೆ ಹಿಡಿಸುವುದಿಲ್ಲ.

ಹರುಮಿಯಿಂದ ಮತ್ತೆ ಕಾಗದ ಬಂದಿದೆ. ಗ್ಯಾಲರಿಯಲ್ಲಿ ನನ್ನ ಚಿತ್ರಕ್ಕೆಂದು ಗೋಡೆ ಬಿಟ್ಟಿದ್ದಾರಂತೆ. ಚಿತ್ರ ಹೇಗಿದೆ ಎಂದು ಈ ಸಲ ಸರಿಯಾಗಿ ಬರೆಯಿರಿ.

ರತ್ನಪ್ರಭಾ


ವಾದಿ ಕಬೀರ್
22 ಜೂನ್ 2024

ಪ್ರೀತಿಯ ಟೀಚರ್,

ನಿಮ್ಮ ಕಾಗದ ಬಂದು ಮೂರು ದಿನವಾಯಿತು. ಇನ್ನು ಬಚ್ಚಿಡುವುದಿಲ್ಲ. ಚಿತ್ರ ಗಾಜಿಗೆ ಅಂಟಿದೆ.

ನಿಮ್ಮ ಮೊದಲ ಕಾಗದ ಬಂದ ದಿನವೇ ಹಿಂದಿನ ರಟ್ಟು ಬಿಚ್ಚಿದೆ. ಹಾಳೆ ಮೇಲೇಳಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಮುಕ್ಕಾಲು ಪಾಲು ಬಣ್ಣ ಗಾಜನ್ನು ಕಚ್ಚಿಕೊಂಡಿದೆ. ಈ ಗುವಾಶ್ ಬಣ್ಣ ನಮ್ಮ ಮಕ್ಕಳ ಪೋಸ್ಟರ್ ಕಲರಿನ ಜಾತಿಯದೇ, ಅಂಟಿನಲ್ಲಿ ಕಲಸಿದ್ದು, ನೀರು ತಾಗಿದರೆ ಎಷ್ಟು ವರ್ಷ ಕಳೆದಿದ್ದರೂ ಕರಗುತ್ತದೆ. ಇದು ನಿಮಗೆ ನಾನು ಹೇಳಬೇಕಾದ್ದಲ್ಲ. ಹತ್ತು ಬೇಸಿಗೆಯ ತೇವದಲ್ಲಿ ಮೆತ್ತಗಾಗಿ ಮೆತ್ತಗಾಗಿ ಗಾಜಿಗೆ ಹಿಡಿದಿದೆ.

ಇದಕ್ಕೆ ಕಾರಣ ನಾನು. ಇಂಥ ಚಿತ್ರಕ್ಕೂ ಗಾಜಿಗೂ ನಡುವೆ ಮೌಂಟ್ ಇರಬೇಕು. ಸುತ್ತ ದಪ್ಪ ರಟ್ಟಿನ ಚೌಕಟ್ಟು ಇದ್ದರೆ ಬಣ್ಣ ಗಾಜಿಗೆ ತಾಗುವುದಿಲ್ಲ. ನಿಮ್ಮ ಫ್ರೇಮಿನಲ್ಲಿ ಮೌಂಟ್ ಇಲ್ಲ. 2013ರಲ್ಲಿ ನೀವು ಇದನ್ನು ಫ್ರೇಮಿಗೆ ತಂದಾಗ ನಾನು ಅಂಗಡಿಗೆ ಹೊಸಬ, ಅಷ್ಟರವರೆಗೆ ಫರ್ನಿಚರ್ ಶೋರೂಮಿನಲ್ಲಿ ಸೋಫಾ ಮಾರುತ್ತಿದ್ದವನು. ಪ್ರಿಂಟ್ ಹಾಕುವ ಹಾಗೆ ಹಾಕಿ ಕೊಟ್ಟಿದ್ದೇನೆ ಎಂದು ಕಾಣುತ್ತದೆ. ಹಿಂದಿನ ಟೇಪ್ ಕೂಡ ನಮ್ಮ ಮಾಮೂಲಿ ಕಂದು ಟೇಪ್ ಅಲ್ಲ, ಬಿಳಿ. ಆಗ ಕೈಗೆ ಸಿಕ್ಕಿದ್ದನ್ನು ಹಚ್ಚಿರಬೇಕು. ನನಗೆ ನಾಚಿಕೆಯಾಗುತ್ತಿದೆ ಟೀಚರ್.

ಇಲ್ಲಿ ಹಳೆಯ ಕೈಬರಹದ ಪುಸ್ತಕಗಳನ್ನು ರಿಪೇರಿ ಮಾಡುವ ಒಬ್ಬರನ್ನು ಕೇಳಿದೆ. ಬಿಡಿಸಲು ಹೋಗಬೇಡ, ಗಾಜಿನ ಜೊತೆಗೇ ಬಿಡು ಅಂದರು. ಗ್ಯಾಲರಿಯವರು ಹಾಗೆ ಒಯ್ದಾರೇ? ಒಯ್ದರೂ ದಾರಿಯಲ್ಲಿ ಗಾಜು ಒಡೆದರೆ ಚಿತ್ರವೂ ಒಡೆದಂತೆ. ಹೊರಡುವಾಗ ಅವರೇ ಇನ್ನೊಂದು ಮಾತು ಹೇಳಿದರು. ಒಣ ಹವೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಅಂಟು ಬಿರುಸಾಗುತ್ತದೆ, ಹಾಳೆ ಸ್ವಲ್ಪ ಕುಗ್ಗುತ್ತದೆ, ಗಾಜು ಕುಗ್ಗುವುದಿಲ್ಲ, ಆಗ ಅಂಚಿನಿಂದ ಬಿಟ್ಟುಕೊಳ್ಳಬಹುದು ಎಂದು. ಆಗಲಿಕ್ಕಿಲ್ಲ ಎಂದೂ ಸೇರಿಸಿದರು.

ಮಸ್ಕತ್‌ನಲ್ಲಿ ಈಗ ಬೆಳಿಗ್ಗೆ ಕನ್ನಡಕ ಹಾಕಿ ಹೊರಗೆ ಬಂದರೆ ಏನೂ ಕಾಣುವುದಿಲ್ಲ, ಅಷ್ಟು ತೇವ. ಆದರೆ ನಿಜ್ವಾ ದಾಟಿ ಮರುಭೂಮಿಯ ಅಂಚಿಗೆ ಹೋದರೆ ಆದಮ್ ಎಂಬ ಊರು. ಅಲ್ಲಿ ಒಗೆದ ಬಟ್ಟೆ ಹಿಂಡಿ ಹರಡುವಷ್ಟರಲ್ಲಿ ಒಣಗುತ್ತದೆ. ಹಂಝನ ಭಾವ ಝಕರಿಯಾ ಅಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾನೆ, ಹಿಂದೆ ಒಂದು ಖಾಲಿ ಕೋಣೆ ಇದೆ. ಚಿತ್ರವನ್ನು ಅಲ್ಲಿಟ್ಟು ಪ್ರತಿ ಶುಕ್ರವಾರ, ಅಂಗಡಿಗೆ ರಜೆಯ ದಿನ, ಹೋಗಿ ಸ್ವಲ್ಪ ಸ್ವಲ್ಪ ಬಿಡಿಸುತ್ತೇನೆ. ಹಾಳಾಗಲೂಬಹುದು. ನೀವು ಬೇಡ ಅಂದರೆ ಮುಟ್ಟುವುದಿಲ್ಲ.

ರೊನಾಲ್ಡ್


ಮೈಸೂರು
1 ಜುಲೈ 2024

ರೊನಾಲ್ಡ್ ಅವರಿಗೆ,

ಬಿಡಿಸಿ.

ಹಾಳೆಯ ನಕ್ಷೆ ಇದರ ಜೊತೆಗಿದೆ. ಆ ಚಿತ್ರವನ್ನು ನಾನು ಕಲಿಯಲೆಂದು ಹದಿನೈದು ಇಪ್ಪತ್ತು ಸಲ ನಕಲು ಮಾಡಿದ್ದೇನೆ, ಎಲ್ಲಿ ಎಷ್ಟು ಬಣ್ಣವಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಎಡಗಡೆ ಕೆಳಮೂಲೆಯಲ್ಲಿ ಬಣ್ಣ ತೆಳು, ಅಲ್ಲಿಂದ ಶುರು ಮಾಡಿ. ಬೂದು ಪಟ್ಟಿಗಳ ಅಂಚಿನಲ್ಲಿ ಒಂದರ ಮೇಲೊಂದು ಎರಡು ಪದರ ಇದೆ, ಅಲ್ಲಿ ನಿಧಾನ. ಬಲಗಡೆ ಮೇಲಿನ ಕಪ್ಪು ಎಲ್ಲಕ್ಕಿಂತ ದಪ್ಪ, ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಬೇರೆ ಹಾಳೆಗಳ ಮೇಲೆ ಕೈ ಪಳಗಿಸಿಕೊಳ್ಳಿ. ಸಿಟ್ಟಿನಲ್ಲೋ ಅವಸರದಲ್ಲೋ ಇದ್ದ ದಿನ ಬ್ಲೇಡ್ ಮುಟ್ಟಬೇಡಿ.

ಉಳಿದ ವಿಷಯ ಈಗ ಬರೆಯಲಾರೆ.

ರತ್ನಪ್ರಭಾ


ಆದಮ್
26 ಜುಲೈ 2024, ಶುಕ್ರವಾರ

ಪ್ರೀತಿಯ ಟೀಚರ್,

ನಿಮ್ಮ ಕಾಗದದ ಕೊನೆಯ ಸಾಲನ್ನು ನಾನು ಹತ್ತು ಸಲ ಓದಿದೆ. ಬರೆಯಲಾಗದಷ್ಟು ಸಿಟ್ಟು ಬಂದಿದೆ ಎಂದು ಅರ್ಥವಾಗುತ್ತದೆ. ಬರಬೇಕಾದ್ದೇ. ನಾನು ಮಾತಿನಲ್ಲಿ ಸಮಾಧಾನ ಹೇಳುವುದಿಲ್ಲ, ಕೆಲಸ ಹೇಗೆ ನಡೆಯುತ್ತಿದೆ ಎಂದು ಮಾತ್ರ ಹೇಳುತ್ತೇನೆ.

ಈ ಕಾಗದವನ್ನು ಝಕರಿಯಾನ ಹೊಲಿಗೆ ಮೇಜಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹೊರಗೆ ನಲವತ್ತೇಳು ಡಿಗ್ರಿ. ಹಿಂದಿನ ಕೋಣೆಗೆ ಎ.ಸಿ. ಇಲ್ಲ, ಕೂಲರ್ ಇಟ್ಟರೆ ತೇವ ಬರುತ್ತದೆಂದು ಅದನ್ನೂ ಹೊರಗೆ ಹಾಕಿಸಿದೆ. ನೀವು ಹೇಳಿದಂತೆ ಮೊದಲು ಕೈ ಪಳಗಿಸಿದೆ. ಅದೇ ಬಗೆಯ ಬಣ್ಣ ತಂದು ಹಾಳೆಗೆ ಬಳಿದು, ಅಂಗಡಿಯಲ್ಲಿ ಒದ್ದೆ ಬಟ್ಟೆ ಸುತ್ತಿ ಗಾಜಿಗೆ ಅಂಟಿಸಿ, ಇಲ್ಲಿ ತಂದು ಒಣಗಿಸಿ ಬಿಡಿಸಿದೆ. ಏಳು ಹಾಳೆ ಹರಿದವು. ಎಂಟನೆಯದು ಪೂರ್ತಿ ಬಂತು. ಝಕರಿಯಾ ‘ಖಲಾಸ್ ರೊನಾಲ್ಡಣ್ಣ, ಇನ್ನು ಅಸಲಿಗೆ ಕೈ ಹಾಕಿ’ ಅಂದ. ನಾನು ಇನ್ನೂ ಎರಡು ಮಾಡಿದೆ.

ಕಳೆದ ವಾರ ಎಡಗಡೆ ಕೆಳಮೂಲೆ ತಾನಾಗಿಯೇ ಒಂದು ಕೂದಲಿನಷ್ಟು ಎದ್ದಿತ್ತು. ಇವತ್ತು ತೆಳು ಬ್ಲೇಡ್ ತೂರಿಸಿ ಎರಡು ಬೆರಳಿನಗಲ ಬಿಡಿಸಿದೆ. ಬಿಡುವಾಗ ಹಪ್ಪಳ ಮುರಿದಂಥ ಸಣ್ಣ ಶಬ್ದ ಬರುತ್ತದೆ. ಬಣ್ಣ ಹಾಳೆಯ ಮೇಲೆಯೇ ಉಳಿದಿದೆ. ಇಟ್ಟಿಗೆ ಬಣ್ಣದ ಗೆರೆ ಪೂರ್ತಿ ಹೊರಗೆ ಬಂದಿದೆ. ಗಾಜಿಲ್ಲದೆ ಅದನ್ನು ನೋಡಿದಾಗ ನಿನ್ನೆ ಬರೆದ ಹಾಗೆ ಕಂಡಿತು. ನನಗೆ ಈ ಚಿತ್ರ ಅರ್ಥವಾಗುವುದಿಲ್ಲ ಟೀಚರ್. ಆದರೆ ಇಷ್ಟು ಹತ್ತಿರದಿಂದ ಇಷ್ಟು ಹೊತ್ತು ನೋಡಿದ ಮೇಲೆ, ಆ ಹೆಂಗಸಿನ ಕೈ ಎಲ್ಲಿ ನಿಂತಿತು, ಎಲ್ಲಿ ಒತ್ತಿತು ಎಂದು ಗೊತ್ತಾಗುತ್ತದೆ.

ಚರ್ಚಿನ ಶುಕ್ರವಾರದ ಪೂಜೆ ತಪ್ಪುತ್ತಿದೆ ಎಂದು ಉರ್ಸುಲಾಗೆ ಬೇಸರ. ಬದಲಿಗೆ ಭಾನುವಾರ ಸಂಜೆ ರೂವಿ ಚರ್ಚಿಗೆ ಹೋಗುತ್ತೇನೆ. ಅವಳಿಗೆ ಅದಕ್ಕಿಂತ ದೊಡ್ಡ ಬೇಸರ ಇನ್ನೊಂದು. ನಿಮ್ಮ ಫ್ರೇಮ್ ನೋಡಿದ ಮೇಲೆ ಆ ವರ್ಷ ನಾನು ಮಾಡಿಕೊಟ್ಟ ಬೇರೆ ಚಿತ್ರಗಳ ಗತಿ ಏನು ಎಂದು ಹೆದರಿಕೆಯಾಯಿತು. ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ನಾನು ಮೌಂಟ್ ಹಾಕದೆ ಕೊಟ್ಟಿರಬಹುದು, ತಂದರೆ ಬಿಚ್ಚಿ ನೋಡಿ ಸರಿ ಮಾಡಿಕೊಡುತ್ತೇನೆ ಎಂದು ಹೇಳುತ್ತಿದ್ದೇನೆ. ಹದಿನಾಲ್ಕು ಫ್ರೇಮ್ ಬಿಚ್ಚಿದೆವು. ವಿಚಿತ್ರವೆಂದರೆ ಹದಿನಾಲ್ಕರಲ್ಲೂ ಮೌಂಟ್ ಇದೆ. ನಿಮ್ಮದಕ್ಕೆ ಮಾತ್ರ ಯಾಕೆ ಹಾಕಲಿಲ್ಲ ಎಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.

ಸುದ್ದಿ ಕಫೀಲ್ ಕಿವಿಗೂ ಹೋಯಿತು. ಅಂಗಡಿಯ ಲೈಸೆನ್ಸ್ ಅವರ ಹೆಸರಿನಲ್ಲಿ ಇರುವುದು. ಕರೆದು, ನಿನ್ನ ಕೆಲಸ ಸರಿಯಿಲ್ಲ ಎಂದು ನೀನೇ ಊರಿಡೀ ಹೇಳಿಕೊಂಡು ತಿರುಗುತ್ತೀಯಂತೆ, ಹೌದೇ ಎಂದು ಕೇಳಿದರು. ಒಂದು ಹೋಟೆಲಿನವರು ತಮ್ಮ ಆರ್ಡರ್ ಬೇರೆಯವರಿಗೆ ಕೊಟ್ಟಾಗಿದೆ. ಉರ್ಸುಲಾ ‘ನಿಮಗೆ ಮರ್ಲಾ? ತಪ್ಪು ಮಾಡಿದವರು ಯಾರಾದ್ರೂ ಟಾಂಟಾಂ ಮಾಡ್ತಾರಾ?’ ಎಂದು ಕೇಳುತ್ತಾಳೆ. ಏನು ಮಾಡಲಿ, ಯಾರದೋ ಮನೆಯಲ್ಲಿ ಇನ್ನೊಂದು ಚಿತ್ರ ಹೀಗೆ ಅಂಟುತ್ತಿದ್ದರೆ? ಇನ್ನು ಇಪ್ಪತ್ತಾರು ಮಂದಿಗೆ ಫೋನ್ ಮಾಡಲಿಕ್ಕಿದೆ. ಮಾಡುತ್ತೇನೆ.

ರೊನಾಲ್ಡ್


ಮೈಸೂರು
9 ಆಗಸ್ಟ್ 2024

ರೊನಾಲ್ಡ್,

ಇನ್ನು ಒಬ್ಬರಿಗೂ ಫೋನ್ ಮಾಡಬೇಡಿ. ನೀವು ಮೌಂಟ್ ಹಾಕಿಯೇ ಕೊಟ್ಟಿದ್ದಿರಿ. ತೆಗೆದವಳು ನಾನು.

2014ರ ಫೆಬ್ರವರಿ, ಒಂದು ಶನಿವಾರ. ನಮ್ಮ ಮೊಮ್ಮಗಳು ಆಶಿತಾ ಆಗ ಆರನೇ ಕ್ಲಾಸು. ಭಾನುವಾರ, ಅಲ್ಲಿ ವಾರದ ಶಾಲೆ ಶುರುವಾಗುವ ದಿನ, ಬೆಳಿಗ್ಗೆ ಪ್ರಾಜೆಕ್ಟ್ ಕೊಡಬೇಕು ಎಂದು ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದಳು. ಫಲಜ್ ಮಾಡೆಲ್, ಬೆಟ್ಟದಿಂದ ತೋಟಕ್ಕೆ ನೀರು ತರುವ ಅಲ್ಲಿನ ಕಾಲುವೆ. ದಪ್ಪ ಬಿಳಿ ರಟ್ಟೇ ಆಗಬೇಕು ಎಂದು ಟೀಚರ್ ಹೇಳಿದ್ದರಂತೆ. ನಿಮ್ಮ ಊರು ಗೊತ್ತಲ್ಲ, ಒಂದು ಗಂಟೆಗೆ ಅಂಗಡಿಗಳು ಬಾಗಿಲು ಹಾಕಿದರೆ ನಾಲ್ಕಕ್ಕೇ ತೆಗೆಯುವುದು. ಮೂರು ಗಂಟೆ ಕಾಯಬಹುದಿತ್ತು. ಅಂಟು ಒಣಗಲು ಹೊತ್ತು ಸಾಲದು ಎಂದು ಅವಳು ಅಳಲು ಶುರು ಮಾಡಿದಳು. ನಾನು ಗೋಡೆ ನೋಡಿದೆ. ಹೊನ್ನಪ್ಪನವರು ‘ಬೇಡ ಕಣೇ, ಅದು ಯಾಕೆ ಹಾಕಿದ್ದಾರೋ ಏನೋ’ ಅಂದರು. ನಾನು ಸ್ಕ್ರೂಡ್ರೈವರ್ ತರಲು ಹೇಳಿದೆ.

ಚಿತ್ರ ಹಿಂದಿನ ರಟ್ಟಿಗೇ ಕೂತಿದ್ದರಿಂದ ಅಲುಗಲಿಲ್ಲ. ಮೌಂಟ್ ತೆಗೆದು, ರಟ್ಟನ್ನು ಮುಂದಕ್ಕೆ ಒತ್ತಿ, ಮನೆಯಲ್ಲಿದ್ದ ಬಿಳಿ ಟೇಪ್ ಹಚ್ಚಿದೆವು. ಹಾಳೆಯ ನಾಲ್ಕೂ ಅಂಚು ಕಾಣುತ್ತದೆ, ಇದೇ ಚೆನ್ನ ಎಂದು ನಾನೇ ಮೆಚ್ಚಿಕೊಂಡೆ. ಫಲಜ್‌ಗೆ ಎರಡನೇ ಬಹುಮಾನ ಬಂತು.

ನನಗೆ ತಿಳಿಯದೆ ಆದದ್ದು ಎಂದು ಬರೆದರೆ ನೀವು ನಂಬುತ್ತೀರಿ. ಆದರೆ ಮೌಂಟ್ ಯಾಕೆ ಹಾಕುತ್ತಾರೆ ಎಂದು ನಾನು ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ನನಗೆ ಗೊತ್ತಿತ್ತು. ಮುಂದಿನ ವಾರ ಹೊಸದು ಹಾಕಿಸೋಣ ಅಂದುಕೊಂಡೆ, ಹತ್ತು ವರ್ಷ ಅಂದುಕೊಳ್ಳುತ್ತಲೇ ಇದ್ದೆ.

ಎ.ಸಿ. ಬಗ್ಗೆ ನೀವು ಕೇಳಿದಾಗ, ಹಿಂದಿನ ಟೇಪ್ ನೋಡಿ ಎಲ್ಲ ಗೊತ್ತಾಗಿ ನನ್ನ ಬಾಯಿ ಬಿಡಿಸಲು ಕೇಳುತ್ತಿದ್ದೀರಿ ಎಂದು ತಿಳಿದೆ. ಅದಕ್ಕೇ ಅಷ್ಟು ಒರಟಾಗಿ ಬರೆದೆ. ಆಮೇಲೆ ನೀವು ತಪ್ಪನ್ನು ನಿಮ್ಮ ತಲೆಯ ಮೇಲೆ ಹಾಕಿಕೊಂಡ ಕಾಗದ ಬಂತು. ಅದನ್ನು ಓದಿ ನನಗೆ ಮೊದಲು ಆದದ್ದು ನಾಚಿಕೆಯಲ್ಲ, ಸದ್ಯ ಬದುಕಿದೆ ಎಂಬ ಸಮಾಧಾನ. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಗುತ್ತಿದೆ.

ಈ ಕಾಗದವನ್ನು ನಿಮ್ಮ ಕಫೀಲ್‌ಗೆ ಓದಿ ಹೇಳಿ. ಹೋಟೆಲಿನವರಿಗೆ ತೋರಿಸಿ. ಉರ್ಸುಲಾಗೆ ಮೊದಲು ತೋರಿಸಿ. ಹರುಮಿಗೂ ಇವತ್ತೇ ಎಲ್ಲ ಬರೆದಿದ್ದೇನೆ. ಚಿತ್ರ ಬೇಡ ಅಂದರೆ ಅದು ಅವಳ ಹಕ್ಕು. ಬೇಕು ಅಂದರೆ ಅಕ್ಟೋಬರ್ ಇಪ್ಪತ್ತಕ್ಕೆ ನಾನು ಅದನ್ನು ಕೊಟ್ಟೇ ಕೊಡುತ್ತೇನೆ.

ರತ್ನಪ್ರಭಾ


ವಾದಿ ಕಬೀರ್
31 ಆಗಸ್ಟ್ 2024

ಟೀಚರ್,

ನಿಮ್ಮ ಕಾಗದವನ್ನು ಅಭಿ ಆಗಸ್ಟ್ ಹದಿನೈದರಂದು ತಂದುಕೊಟ್ಟ. ಮರುದಿನ ಶುಕ್ರವಾರ, ಆದಮ್‌ಗೆ ಹೋದೆ. ಆ ದಿನದ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಇಪ್ಪತ್ತಮೂರರಂದು ಹೋಗಲಿಲ್ಲ. ಚಿತ್ರ ಅಲ್ಲೇ ಒಣಗುತ್ತಾ ಬಿದ್ದಿರಲಿ ಎಂದು ಮನೆಯಲ್ಲಿ ಮಲಗಿದೆ.

ನನಗೆ ಸಿಟ್ಟು ಬಂದಿದೆ. ಚಿತ್ರ ಹಾಳಾದದ್ದಕ್ಕಲ್ಲ. ಮಗು ಅತ್ತಾಗ ನಾನಾದರೂ ಆ ರಟ್ಟು ಕಿತ್ತುಕೊಡುತ್ತಿದ್ದೆನೇನೋ. ಆದರೆ ನಾನು ನಾಚಿಕೆಯಾಗುತ್ತಿದೆ ಎಂದು ಬರೆದ ಕಾಗದ ನಿಮ್ಮ ಕೈಯಲ್ಲಿತ್ತು. ‘ಉಳಿದ ವಿಷಯ ಈಗ ಬರೆಯಲಾರೆ’ ಎನ್ನುವ ಜಾಗದಲ್ಲಿ ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾನು ಹದಿನೇಳು ಮಂದಿಯ ಹತ್ತಿರ ತಲೆ ತಗ್ಗಿಸಿ ಮಾತಾಡಿದೆ.

ಉರ್ಸುಲಾ ನಿಮ್ಮ ಕಾಗದ ಎರಡು ಸಲ ಓದಿದಳು. ನಿಮ್ಮನ್ನು ಬೈಯುತ್ತಾಳೆ ಅಂದುಕೊಂಡೆ. ‘ಅವರಿಗೆ ಹೇಳ್ಲಿಕ್ಕೆ ಒಂದು ತಿಂಗಳು ಹಿಡಿಯಿತು. ನಿಮಗೂ ಅಷ್ಟೇ ಹಿಡಿದಿತ್ತಲ್ಲ’ ಅಂದಳು. ಲೆಕ್ಕ ಹಾಕಿದೆ. ಫ್ರೇಮ್ ಬಿಚ್ಚಿದ ದಿನದಿಂದ ನಾನು ನಿಮಗೆ ನಿಜ ಬರೆದ ದಿನದವರೆಗೆ ಒಂದು ತಿಂಗಳ ಮೇಲೆ ಆಗಿತ್ತು. ಆಮೇಲೆ ಸಿಟ್ಟು ಮೊದಲಿನಷ್ಟು ಉಳಿಯಲಿಲ್ಲ, ಆದರೆ ಇದೆ. ಕಫೀಲ್ ಕಾಗದದ ವಿಷಯ ಕೇಳಿ ನಕ್ಕು, ಆ ಟೀಚರ್ ಬಂದರೆ ಇಲ್ಲಿನ ಕಾಫಿ, ಕಾವಾ, ಕುಡಿಸುತ್ತೇನೆ ಅಂದರು. ಹೋಟೆಲಿನವರು ಮರಳಿ ಬರಲಿಲ್ಲ.

ನಿನ್ನೆ ಮತ್ತೆ ಹೋದೆ. ಚಿತ್ರ ಈಗ ಪೂರ್ತಿ ಬಿಟ್ಟಿದೆ, ಬಲಗಡೆ ಮೇಲಿನ ಕಪ್ಪು ಒಂದನ್ನು ಬಿಟ್ಟು. ಎರಡು ಹೆಬ್ಬೆರಳಿನಷ್ಟು ಜಾಗ. ನಾಲ್ಕು ದಿಕ್ಕಿನಿಂದಲೂ ನೋಡಿದೆ, ಬ್ಲೇಡ್ ಹೋಗುವುದಿಲ್ಲ. ಒತ್ತಿದರೆ ಕಪ್ಪಿನ ಜೊತೆ ಹಾಳೆಯೂ ಕಿತ್ತು ಬಂದೀತು. ಬಿಟ್ಟರೆ ಗಾಜು ನೇತಾಡುತ್ತಾ ಇರುತ್ತದೆ.

ಅದನ್ನು ನಾನು ಮುಟ್ಟುವುದಿಲ್ಲ. ಅಲ್ಲಿ ಕೆಳಗೆ ಏನಿದೆ, ಬ್ರಷ್ಷು ಯಾವ ಕಡೆಯಿಂದ ಬಂದಿದೆ ಎಂದು ಗೊತ್ತಿರುವುದು ನಿಮಗೆ. ಮೌಂಟ್ ತೆಗೆದದ್ದೂ ನೀವು. ಬನ್ನಿ. ಬಂದು ನೀವೇ ಬಿಡಿಸಿ.

ರೊನಾಲ್ಡ್


ಮೈಸೂರು
10 ಸೆಪ್ಟೆಂಬರ್ 2024

ರೊನಾಲ್ಡ್,

ಬರುತ್ತೇನೆ. ಸೆಪ್ಟೆಂಬರ್ ಇಪ್ಪತ್ತೈದರಂದು ಬಂದಿಳಿದು ಅಭಿಯ ಮನೆಯಲ್ಲಿರುತ್ತೇನೆ. ಇಪ್ಪತ್ತೇಳು ಶುಕ್ರವಾರ, ಬೆಳಿಗ್ಗೆ ಆರಕ್ಕೆ ಕರೆದುಕೊಂಡು ಹೋಗಿ. ಹೊನ್ನಪ್ಪನವರು ಅರವತ್ತಾರನೇ ವಯಸ್ಸಿನಲ್ಲಿ ಇದೇನು ಹಟ ಅಂದರು. ಎರಡು ದಿನ ಬಿಟ್ಟು ತಾವೇ ಹೋಗಿ ಟಿಕೆಟ್ ಮಾಡಿಸಿಕೊಂಡು ಬಂದರು.

ನಿಮ್ಮ ಸಿಟ್ಟು ನ್ಯಾಯವಾದದ್ದು. ಅದು ಇಳಿಯಬೇಕೆಂದು ನಾನು ಕೇಳುವುದಿಲ್ಲ.

ಹರುಮಿ ಉತ್ತರ ಬರೆದಿದ್ದಾಳೆ. ಮೂರೇ ಸಾಲು. ಎಷ್ಟು ಉಳಿದಿದೆಯೋ ಅಷ್ಟು ತನ್ನಿ, ಗಾಜಿನ ಮೇಲೆ ಉಳಿದರೆ ಗಾಜನ್ನೂ ತನ್ನಿ, ಗೋಡೆ ಕಾಯುತ್ತಿದೆ ಎಂದು. ನಾನು ದಿನಾ ಬೆಳಿಗ್ಗೆ ಗಾಜಿಗೆ ಕಪ್ಪು ಬಣ್ಣ ಅಂಟಿಸಿ ಬಿಡಿಸುತ್ತಿದ್ದೇನೆ. ಮೈಸೂರಿನಲ್ಲಿ ಒಣಗುವುದಿಲ್ಲ, ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಒಣಗಿಸುತ್ತೇನೆ. ಮನೆಯಲ್ಲಿ ನಾಲ್ಕು ದಿನದಿಂದ ಅನ್ನಕ್ಕೆ ಬಣ್ಣದ ವಾಸನೆ ಎಂದು ಒಬ್ಬರ ಗೊಣಗಾಟ ನಡೆದಿದೆ.

ರತ್ನಪ್ರಭಾ


ಮೈಸೂರು
22 ಅಕ್ಟೋಬರ್ 2024

ಪ್ರೀತಿಯ ರೊನಾಲ್ಡ್,

ಕೊಟ್ಟೆ. ಮೊನ್ನೆ ಭಾನುವಾರ, ಬೆಂಗಳೂರಿನಲ್ಲಿ.

ಆದಮ್‌ನ ಆ ಶುಕ್ರವಾರ ನಿಮ್ಮ ಮುಂದೆ ಹೇಳದೆ ಬಂದದ್ದನ್ನು ಮೊದಲು ಹೇಳುತ್ತೇನೆ. ಬ್ಲೇಡ್ ಹಿಡಿದು ಕೂತಾಗ ನನ್ನ ಕೈ ನಡುಗುತ್ತಿತ್ತು. ನೀವು ಅದನ್ನು ನೋಡಿ ಗೋಡೆಯ ಕಡೆ ತಿರುಗಿ ನಿಂತಿರಿ. ಮೂರು ಗಂಟೆಯ ಹೊತ್ತು ಹಾಗೆಯೇ ನಿಂತಿದ್ದಿರಿ. ನೀವು ನೋಡುತ್ತಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಆ ಕಪ್ಪು ಬಿಟ್ಟುಕೊಂಡಿತು, ಹುಣಸೆ ಬೀಜದಷ್ಟು ಚೂರು ಮಾತ್ರ ಗಾಜಿನ ಮೇಲೆ ಉಳಿಯಿತು. ಅದನ್ನು ಕಂಡಾಗ ಅಳು ಬಂದದ್ದು ದುಃಖಕ್ಕಲ್ಲ. ಅಷ್ಟೇ ಹೋಯಿತಲ್ಲ ಎಂದು.

ಗ್ಯಾಲರಿಯಿಂದ ಬಂದ ಹುಡುಗಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಚಿತ್ರವನ್ನು ಭೂತಗನ್ನಡಿಯಲ್ಲಿ ಇಪ್ಪತ್ತು ನಿಮಿಷ ನೋಡಿದಳು. ನಾನು ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ನಿಂತವಳ ಹಾಗೆ ನಿಂತಿದ್ದೆ. ಚಿತ್ರ ಗೋಡೆಗೆ ಹೋಗುತ್ತದೆ, ಗಾಜು ಅದರ ಪಕ್ಕದಲ್ಲಿ ಪೆಟ್ಟಿಗೆಯಲ್ಲಿರುತ್ತದೆ ಅಂದಳು. ಆಮೇಲೆ ಒಂದು ಫಾರ್ಮ್ ತೆಗೆದಳು. ಹಾನಿ ಎಲ್ಲಿ, ಹೇಗೆ, ಯಾರಿಂದ ಎಂದು ಬರೆಯಬೇಕು. ಎರಡು ಜಾಗ ತೋರಿಸಿದಳು. ಒಂದು ಆ ಕಪ್ಪು. ಇನ್ನೊಂದು ನಡುವಿನ ಬೂದು ಪಟ್ಟಿಯ ಅಂಚಿನಲ್ಲಿ, ಅಕ್ಕಿ ಕಾಳಿನಷ್ಟು, ಬಣ್ಣ ಹಾರಿ ಹಾಳೆ ಕಾಣುತ್ತಿದೆ. ಅದನ್ನು ಆದಮ್‌ನಲ್ಲಿ ನಾನು ಗಮನಿಸಿರಲಿಲ್ಲ. ಮೌಂಟ್ ಕೀಳುವಾಗ ನಾನೇ ಕೆರೆದಿರಬೇಕು. ಗೊತ್ತಿಲ್ಲ ಎಂದು ಬರೆಯಬಹುದು ಎಂದಳು. ಹೊನ್ನಪ್ಪನವರೂ ಪಕ್ಕದಿಂದ ‘ಹಾಗೇ ಬರಿ’ ಅಂದರು. ನಾನು ಎರಡಕ್ಕೂ ನನ್ನ ಹೆಸರನ್ನೇ ಬರೆದೆ.

ಕೆಳಗೆ ಇನ್ನೊಂದು ಕಾಲಂ ಇತ್ತು, ದುರಸ್ತಿ ಮಾಡಿದವರು ಎಂದು. ಅಲ್ಲಿ ನಿಮ್ಮ ಹೆಸರು ಬರೆದೆ, ವಾದಿ ಕಬೀರ್, ಮಸ್ಕತ್ ಎಂದೂ ಸೇರಿಸಿದೆ. ಚಿತ್ರದ ಕೆಳಗಿನ ಚೀಟಿಯಲ್ಲಿ ಅದು ಇರುತ್ತದಂತೆ. ಹಾನಿಯ ಕಾಲಂ ಅವರ ಫೈಲಿನಲ್ಲಿ ಮಾತ್ರ. ಹೀಗಾಗಿ ಜಪಾನಿನಲ್ಲಿ ಜನ ಓದುವುದು ನಿಮ್ಮ ಒಳ್ಳೆಯ ಹೆಸರನ್ನು. ಹೋಟೆಲಿನವರಿಗೆ ಆ ಚೀಟಿಯ ಫೋಟೋ ಕಳಿಸಿ. ನಾನು ನಿಮಗೆ ಕೊಡಬಹುದಾದದ್ದು ಅಷ್ಟೇ.

ರತ್ನಪ್ರಭಾ


ವಾದಿ ಕಬೀರ್
2 ನವೆಂಬರ್ 2024

ಪ್ರೀತಿಯ ಟೀಚರ್,

ನಿಮ್ಮ ಕಾಗದವನ್ನು ಉರ್ಸುಲಾ ಜೋರಾಗಿ ಓದಿದಳು. ಹಂಝ ಅಂಗಡಿಯಲ್ಲಿದ್ದವರಿಗೆಲ್ಲ ಜ್ಯೂಸ್ ತರಿಸಿದ. ನನಗೆ ಕುಡಿಯಲಾಗಲಿಲ್ಲ.

ಬೂದು ಪಟ್ಟಿಯ ಅಂಚಿನ ಚೂರು ನಿಮ್ಮಿಂದ ಹೋದದ್ದಲ್ಲ. ಆಗಸ್ಟ್ ಹದಿನಾರರಂದು ನನ್ನ ಕೈಯಿಂದ ಹೋಯಿತು. ಹಿಂದಿನ ದಿನವಷ್ಟೇ ನಿಮ್ಮ ಕಾಗದ ಬಂದಿತ್ತು. ಸಿಟ್ಟಿನಲ್ಲಿದ್ದ ದಿನ ಬ್ಲೇಡ್ ಮುಟ್ಟಬೇಡಿ ಎಂದು ನೀವು ಬರೆದಿದ್ದಿರಿ. ನಾನು ಅದೇ ಸಿಟ್ಟಿನಲ್ಲಿ ಇನ್ನೂರು ಕಿಲೋಮೀಟರಿನ ಮೇಲೆ ಕಾರು ಓಡಿಸಿ ಹೋಗಿ, ಚಪ್ಪಲಿ ಕೂಡ ಬಿಚ್ಚದೆ ಕೂತೆ. ಹತ್ತು ನಿಮಿಷವಾಗಿರಲಿಲ್ಲ. ಚೂರು ಎಗರಿ ನೆಲಕ್ಕೆ ಬಿತ್ತು. ಝಕರಿಯಾನೂ ನಾನೂ ಮೊಣಕಾಲೂರಿ ಹುಡುಕಿದೆವು. ಟೈಲರ್ ಅಂಗಡಿಯ ನೆಲ, ಎಲ್ಲೆಲ್ಲೂ ನೂಲು, ಬಟ್ಟೆಯ ಧೂಳು. ಸಿಗಲಿಲ್ಲ. ಆ ದಿನದ ಬಗ್ಗೆ ಬರೆಯುವಂಥದ್ದೇನೂ ಇಲ್ಲ ಎಂದು ನಿಮಗೆ ಬರೆದೆ. ನೀವು ಆದಮ್‌ಗೆ ಬಂದಾಗ ನಾನು ಗೋಡೆಯ ಕಡೆ ತಿರುಗಿ ನಿಂತದ್ದು ನಿಮ್ಮ ಕೈ ನಡುಗಿದ್ದಕ್ಕಲ್ಲ. ಚಿತ್ರ ನೋಡುತ್ತಾ ನೀವು ಆ ಜಾಗಕ್ಕೆ ಬಂದರೆ ನನ್ನ ಮುಖ ಕಾಣಬಾರದು ಎಂದು.

ಉರ್ಸುಲಾಗೆ ಇವತ್ತೇ ಹೇಳಿದೆ. ಅವಳು ‘ಒಳ್ಳೇ ಹೆಸರು ಬಂತಲ್ಲ, ಇನ್ನಾದ್ರೂ ಸುಮ್ಮನಿರಿ ಮಾರಾಯ್ರೆ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಈ ಕಾಗದ ಬರೆಯಲು ಪೆನ್ನು ತಂದುಕೊಟ್ಟವಳೂ ಅವಳೇ.

ಅವರಿಗೆ ಬರೆಯಿರಿ ಟೀಚರ್. ಎರಡನೇ ಹಾನಿಯ ಮುಂದೆ ಇರುವ ನಿಮ್ಮ ಹೆಸರು ಹೊಡೆದು ನನ್ನ ಹೆಸರು ಹಾಕಲಿ. ಆಮೇಲೆ ದುರಸ್ತಿಯ ಕಾಲಂನಲ್ಲಿ ನನ್ನ ಹೆಸರು ಬೇಡ ಎಂದು ಅವರಿಗೆ ಅನ್ನಿಸಿದರೆ ತೆಗೆಯಲಿ, ನನಗೆ ಬೇಸರವಿಲ್ಲ. ಇರಲಿ ಅಂದರೆ ಎರಡೂ ಕಡೆ ಇರಲಿ. ನಾನು ಹರುಮಿ ಅವರಿಗೆ ಬೇರೆಯಾಗಿ ಕಾಗದ ಬರೆದು ಇದರ ಜೊತೆ ಇಟ್ಟಿದ್ದೇನೆ. ನನ್ನ ಇಂಗ್ಲಿಷ್ ಸರಿಯಿಲ್ಲ, ತಿದ್ದಿ ಕಳಿಸಿ. ಆದರೆ ಆಗಸ್ಟ್ ಹದಿನಾರು ಎಂದು ಬರೆದಿರುವ ಸಾಲನ್ನು ತಿದ್ದಬೇಡಿ.

ರೊನಾಲ್ಡ್